ಎಂಬತ್ತೊಂದು ಗುರುತುಗಳು

ಫೆಬ್ರವರಿ 3

ಲೆಕ್ಕದ ಟೀಚರಮ್ಮನವರಿಗೆ,

ಮಗಳೇ ಎಂದು ಶುರು ಮಾಡಿದರೆ ನೀನು ಕಾಗದವನ್ನು ಅಲ್ಲಿಗೇ ಮಡಚಿಡುತ್ತೀಯೋ ಏನೋ. ಅದಕ್ಕೇ ಕೆಲಸದ ಹೆಸರು ಹಿಡಿದು ಕರೆದಿದ್ದೇನೆ. ನೀನು ಮನೆ ಬಿಟ್ಟು ಹನ್ನೆರಡು ವರ್ಷ ಆಯಿತು, ಇಷ್ಟು ದಿನ ನಿನ್ನನ್ನು ಏನೂ ಕೇಳಿಲ್ಲ. ಈಗ ಒಂದು ಲೆಕ್ಕ ಕೇಳುತ್ತಿದ್ದೇನೆ. ಫೋನು ಮಾಡೋಣವೆಂದರೆ, ಮೂವತ್ತೊಂದು ವರ್ಷ ಒಗೆಯುವ ಯಂತ್ರಗಳ ಪಕ್ಕ ನಿಂತು ನನ್ನ ಕಿವಿ ಕೈಕೊಟ್ಟಿದೆ. ನೀನು ಆ ಕಡೆಯಿಂದ ಲೆಕ್ಕ ಹೇಳುವುದು, ನಾನು ಈ ಕಡೆಯಿಂದ ಹ್ಞಾಂ ಹ್ಞಾಂ ಅನ್ನುವುದು, ಅದೆಲ್ಲ ಆಗುವ ಹೋಗುವ ಮಾತಲ್ಲ.

ಲಾಂಡ್ರಿಯಲ್ಲಿ ನನ್ನ ಕೆಲಸ ನಿನಗೆ ಗೊತ್ತೇ ಇದೆ. ಹೊಸ ಗಿರಾಕಿ ಬಂದರೆ ಅವರ ಬಟ್ಟೆಯ ಅಂಚಿಗೆ ಅಳಿಸದ ಶಾಯಿಯಲ್ಲಿ ಒಂದು ಗುರುತು ಒತ್ತುವುದು, ಆ ಗುರುತಿನ ಮುಂದೆ ಅವರ ಹೆಸರು, ವಿಳಾಸ ರಿಜಿಸ್ಟರಿನಲ್ಲಿ ಬರೆಯುವುದು. ಎರಡು ಇಂಗ್ಲಿಷ್ ಅಕ್ಷರ, ಎರಡು ಅಂಕಿ, ಅಷ್ಟೇ ಗುರುತು. ಒಮ್ಮೆ ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಹಳೆಯ ಬಟ್ಟೆ ಯಾರ ಕೈಯಿಂದ ಯಾರ ಮೈಗೆ ಹೋಗುತ್ತದೋ ಯಾರಿಗೆ ಗೊತ್ತು.

ಕಳೆದ ತಿಂಗಳು ಹೊಸ ಮ್ಯಾನೇಜರ್ ಬಂದ. ಕಂಡದ್ದಕ್ಕೆಲ್ಲ ಟೇಪು ಹಿಡಿಯುತ್ತಾನೆಂದು ಇಸ್ತ್ರಿಯವರು ಅವನಿಗೆ ಅಳತೆಪಟ್ಟಿ ಎಂದು ಹೆಸರಿಟ್ಟಿದ್ದಾರೆ. ಗುರುತುಗಳು ಮುಗಿದವು, ಇನ್ನೊಂದು ಅಕ್ಷರ ಸೇರಿಸಬೇಕು ಎಂದು ನಾನು ಹೇಳಿದ್ದೇ ತಪ್ಪಾಯಿತು. ಅವನು ಕಾಗದದ ಮೇಲೆ ಏನೋ ಗುಣಿಸಿ, "ಅರವತ್ತೇಳು ಸಾವಿರದ ಆರುನೂರು ಸಿಗುತ್ತೆ. ನೀವು ಬರೆದಿರೋದು ಮೂವತ್ತೆರಡು ಸಾವಿರ ಚಿಲ್ಲರೆ. ಉಳಿದ ಅರ್ಧ ಎಲ್ಲಿ ಹೋಯ್ತು?" ಎಂದ. ಉಳಿದ ಗುರುತುಗಳಲ್ಲಿ ನಾನು ಖಾಸಗಿಯಾಗಿ ಹೊರಗಿನವರ ಬಟ್ಟೆ ಒಗೆಸುತ್ತಿದ್ದೇನಂತೆ. ತಪ್ಪೊಪ್ಪಿಗೆ ಬರೆದು ಕೊಟ್ಟರೆ ಸದ್ದಿಲ್ಲದೆ ಮನೆಗೆ ಕಳಿಸುತ್ತಾನಂತೆ, ಇಲ್ಲದಿದ್ದರೆ ವಿಚಾರಣೆಯಂತೆ. ನಾನು ಬರೆದು ಕೊಡುವುದಿಲ್ಲ ಎಂದೆ.

ಅವನ ಲೆಕ್ಕ ಸರಿಯೇ? ನೋಡಿ ಹೇಳು.

ಇತಿ,
ನಿನ್ನನ್ನು ಹೆತ್ತವಳು


ಫೆಬ್ರವರಿ 11

ಅಮ್ಮನಿಗೆ,

ಕಾಗದ ತಲುಪಿತು. ಮ್ಯಾನೇಜರ್ ಲೆಕ್ಕ ಸರಿಯಾಗಿದೆ. ಮೊದಲ ಅಕ್ಷರಕ್ಕೆ ಇಪ್ಪತ್ತಾರು ಆಯ್ಕೆ, ಎರಡನೆಯದಕ್ಕೂ ಇಪ್ಪತ್ತಾರು. ಗುಣಿಸಿದರೆ ಆರುನೂರ ಎಪ್ಪತ್ತಾರು ಜೋಡಿಗಳು. ಅಂಕಿಗಳು ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ನೂರು. ಒಟ್ಟು ಅರವತ್ತೇಳು ಸಾವಿರದ ಆರುನೂರು. ಇದನ್ನು ನಾನು ಒಂಬತ್ತನೆಯ ತರಗತಿಗೆ ಪ್ರತಿ ವರ್ಷ ಕಲಿಸುತ್ತೇನೆ. ಇದರಲ್ಲಿ ಎರಡನೆಯ ಉತ್ತರವಿಲ್ಲ.

ಹಾಗಿರುವಾಗ ಗುರುತುಗಳು ಮುಗಿದವು ಎಂದು ನೀನು ಹೇಗೆ ಹೇಳಿದೆ? ಒಂದು ಮಾತು ಕೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡ. ಅವರು ಹೇಳುವುದರಲ್ಲಿ ಏನಾದರೂ ಇದೆಯೇ? ಇದ್ದರೆ ಬರೆದು ಕೊಟ್ಟು ಗೌರವದಿಂದ ಹೊರಬರುವುದು ಒಳ್ಳೆಯದು. ನಿನಗೂ ವಯಸ್ಸಾಯಿತು.

ಇತಿ,
ಮಗಳು


ಫೆಬ್ರವರಿ 17

ಮಗಳೇ,

ಇನ್ನು ಮರ್ಯಾದೆ ಕೊಟ್ಟು ಕರೆಯುವುದಿಲ್ಲ. ಅಳತೆಪಟ್ಟಿ ಕೇಳಿದಾಗ ನನಗೆ ಸಿಟ್ಟು ಬಂತು. ನೀನು ಕೇಳಿದಾಗ ಮಾತ್ರ ಕಾಗದವನ್ನು ಮಡಚಿ ರಿಜಿಸ್ಟರಿನ ಕೆಳಗೆ ತಳ್ಳಿಟ್ಟೆ. ವಯಸ್ಸಾಯಿತಂತೆ. ಒದ್ದೆ ಚಾದರ ತುಂಬಿದ ಬುಟ್ಟಿಯನ್ನು ಈಗಲೂ ಒಬ್ಬಳೇ ಎತ್ತುತ್ತೇನೆ, ಬಂದು ನೋಡು.

ನಿನ್ನ ಕರಿಹಲಗೆಯ ಮೇಲೆ ಇಪ್ಪತ್ತಾರು ಅಕ್ಷರ ಇರಬಹುದು ತಾಯಿ. ಬಟ್ಟೆಯ ಮೇಲೆ ಇಲ್ಲ. ಬಿಸಿನೀರು, ಸೋಡಾ, ಇಸ್ತ್ರಿ, ಎಲ್ಲ ಸೇರಿ ಇಪ್ಪತ್ತು ಒಗೆತಕ್ಕೆ ಶಾಯಿ ಹರಡಿಕೊಳ್ಳುತ್ತದೆ. ಓ ಅಕ್ಷರವೂ ಸೊನ್ನೆಯೂ ಒಂದೇ ಆಗುತ್ತವೆ. ಐ ಒಂದಾಗುತ್ತದೆ, ಬಿ ಎಂಟಾಗುತ್ತದೆ, ಎಸ್ ಐದಾಗುತ್ತದೆ, ಝಡ್ ಎರಡಾಗುತ್ತದೆ. ಅದಕ್ಕೇ ಆ ಐದು ಅಕ್ಷರಗಳನ್ನು ನಾನು ಮುಟ್ಟುವುದಿಲ್ಲ. ಇಸ್ತ್ರಿಯವರು ಅವಸರದಲ್ಲಿ ಬಟ್ಟೆಯನ್ನು ತಲೆಕೆಳಗು ಹಿಡಿದರೆ ಎಂ ಡಬ್ಲ್ಯೂ ಆಗಿ ಕಾಣುತ್ತದೆ, ಆರು ಒಂಬತ್ತಾಗುತ್ತದೆ. ಅದಕ್ಕೆ ಡಬ್ಲ್ಯೂ ಮತ್ತು ಒಂಬತ್ತನ್ನೂ ಬಿಟ್ಟಿದ್ದೇನೆ. ನಮ್ಮಲ್ಲಿ ಒಂಬತ್ತು ಕಂಡಿತೆಂದರೆ ಬಟ್ಟೆ ತಿರುಗಿಸಿ ನೋಡು ಎಂದು ಅರ್ಥ.

ನಾನು ಸೇರಿದ ಹೊಸದರಲ್ಲಿ ಹೀಗಿರಲಿಲ್ಲ. ಆಸ್ಪತ್ರೆಯ ವಾರ್ಡಿನ ಚಾದರಗಳು ಮದುವೆಯ ಹಾಲಿಗೆ ಹೋಗಿ, ಅಲ್ಲಿನ ಮೇಜಿನ ಬಟ್ಟೆಗಳನ್ನು ಹೊದ್ದುಕೊಂಡು ರೋಗಿಗಳು ಮಲಗಿದ್ದರು. ಆಮೇಲೆ ಕೂತು ಈ ಪದ್ಧತಿ ಮಾಡಿದ್ದು ನಾನೇ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಮಾಡಿದ್ದು. ಆವತ್ತಿನಿಂದ ಒಂದೇ ಒಂದು ಗಂಟು ತಪ್ಪಿಲ್ಲ.

ರಿಜಿಸ್ಟರಿನ ಕೊನೆಯ ಹಾಳೆಯ ನಕಲು ಇಟ್ಟಿದ್ದೇನೆ. ಯಾವ ಜೋಡಿ ಅಕ್ಷರದಲ್ಲಿ ಎಷ್ಟು ಗುರುತು ಕೊಟ್ಟಿದ್ದೇನೆ ಎಂದು ಅದರಲ್ಲಿದೆ. ಈಗ ಎಣಿಸು. ಎಣಿಸಿ, ಸಹಿ ಹಾಕಿ, ಶಾಲೆಯ ಮೊಹರು ಒತ್ತಿ ಕಳಿಸು. ಏಳನೆಯ ತರಗತಿಯವಳು ಹೇಳಿದರೆ ಅವನು ನಂಬುವುದಿಲ್ಲ.

ಇತಿ,
ಸಿಟ್ಟಿನಲ್ಲಿರುವ ಅಮ್ಮ


ಮಾರ್ಚ್ 1

ಅಮ್ಮನಿಗೆ,

ನಿನ್ನ ಕಾಗದ ಬಂದ ದಿನವೇ ಒಂದು ಬಿಳಿ ಬಟ್ಟೆಯ ಮೇಲೆ ಎಲ್ಲ ಅಕ್ಷರ, ಎಲ್ಲ ಅಂಕಿ ಬರೆದೆ. ದಿನಕ್ಕೆ ಎರಡು ಸಲ ಬಕೆಟ್ಟಿನಲ್ಲಿ ಬಿಸಿನೀರು ಹಾಕಿ ಒಗೆದು ಇಸ್ತ್ರಿ ಹಾಕಿದೆ. ಪಕ್ಕದ ರೂಮಿನ ಡ್ರಾಯಿಂಗ್ ಟೀಚರ್, "ಏನ್ರೀ, ಇರೋದೊಂದೇ ಬಟ್ಟೇನಾ?" ಎಂದು ಕೇಳಿದರು. ಹದಿನೆಂಟನೆಯ ಸಲಕ್ಕೆ ಬಿ ಎಂಟಾಯಿತು. ಬಟ್ಟೆಯನ್ನು ತರಗತಿಗೆ ಒಯ್ದು ಓದಿಸಿದೆ. ನಲವತ್ತು ಮಕ್ಕಳಲ್ಲಿ ಮೂವತ್ತಮೂರು ಮಕ್ಕಳು ಎಸ್ ಅನ್ನು ಐದು ಎಂದು ಓದಿದರು.

ಆರು ವರ್ಷದಿಂದ ಇಪ್ಪತ್ತಾರನ್ನು ಇಪ್ಪತ್ತಾರರಿಂದ ಗುಣಿಸುವುದನ್ನು ಕಲಿಸುತ್ತಿದ್ದೇನೆ. ಗುಣಿಸಿದ್ದನ್ನು ಆಮೇಲೆ ಯಾರೋ ಒಬ್ಬರು ಓದಬೇಕಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ತಪ್ಪು ನನ್ನದು. ನಿನ್ನನ್ನು ಹಾಗೆ ಕೇಳಬಾರದಿತ್ತು.

ಈಗ ಲೆಕ್ಕ. ಉಳಿಯುವ ಅಕ್ಷರ ಇಪ್ಪತ್ತು, ಆದ್ದರಿಂದ ಜೋಡಿಗಳು ನಾನೂರು. ಉಳಿಯುವ ಅಂಕಿ ಒಂಬತ್ತು, ಎರಡು ಅಂಕಿಯ ಸಂಖ್ಯೆಗಳು ಎಂಬತ್ತೊಂದು. ಒಟ್ಟು ಮೂವತ್ತೆರಡು ಸಾವಿರದ ನಾನೂರು. ಸಹಿ, ಮೊಹರು ಎರಡೂ ಇರುವ ಹಾಳೆ ಜೊತೆಗಿದೆ. ಅಳತೆಪಟ್ಟಿಯ ಮುಂದೆ ಮೇಜಿನ ಮೇಲೆ ಬಡಿದು ಇಡು.

ಆದರೆ ಒಂದು ವಿಷಯ. ರಿಜಿಸ್ಟರಿನಲ್ಲಿ ಇರುವುದು ಮೂವತ್ತೆರಡು ಸಾವಿರದ ಮುನ್ನೂರ ಹತ್ತೊಂಬತ್ತು. ಎಂಬತ್ತೊಂದು ಕಡಿಮೆ. ಅಲ್ಲೊಂದು ಇಲ್ಲೊಂದು ಬಿಟ್ಟುಹೋದದ್ದಲ್ಲ, ಒಂದು ಇಡೀ ಜೋಡಿ. ನಿನ್ನ ಹಾಳೆಯಲ್ಲಿ ಮುನ್ನೂರ ತೊಂಬತ್ತೊಂಬತ್ತು ಜೋಡಿಗಳಿವೆ, ಎಚ್ ಎಚ್ ಇಲ್ಲ. ಎಚ್ ಬೇರೆ ಯಾವುದರ ಹಾಗೂ ಕಾಣುವುದಿಲ್ಲ, ತಲೆಕೆಳಗು ಮಾಡಿದರೂ ಎಚ್ ಆಗಿಯೇ ಇರುತ್ತದೆ. ಎಲ್ಲಕ್ಕಿಂತ ಒಳ್ಳೆಯ ಅಕ್ಷರ ಅದು. ಆ ಜೋಡಿಯನ್ನು ಯಾಕೆ ಬಿಟ್ಟೆ?

ನಾನು ಕಂಡುಹಿಡಿದದ್ದನ್ನು ಅವರೂ ಕಂಡುಹಿಡಿಯುತ್ತಾರೆ. ಬೇಕಾದರೆ ಏನಾದರೂ ಒಂದು ಕಾರಣ ಹುಡುಕಿ ಹಾಳೆಯಲ್ಲಿ ಸೇರಿಸುತ್ತೇನೆ. ಎರಡು ಎಚ್ ಪಕ್ಕಪಕ್ಕ ಬಂದರೆ ಶಾಯಿ ಕೂಡಿಕೊಳ್ಳುತ್ತದೆ ಎಂದರೆ ನಂಬಿಯಾರು.

ಇತಿ,
ಮಗಳು


ಮಾರ್ಚ್ 9

ಮಗಳೇ,

ನಿನ್ನ ಹಾಳೆಯನ್ನು ಮೂರು ಸಲ ಓದಿದೆ. ಬಟ್ಟೆ ಒಗೆದೆಯಲ್ಲ, ಅಲ್ಲಿ ನಕ್ಕುಬಿಟ್ಟೆ.

ಹಾಳೆಗೆ ಸುಳ್ಳು ಸೇರಿಸಬೇಡ. ನಿನ್ನ ಸಹಿ ಇರುವ ಲೆಕ್ಕ ಹಾಗೇ ಇರಲಿ. ಎಂಬತ್ತೊಂದರ ಉತ್ತರ ನಾನು ಕೊಟ್ಟುಕೊಳ್ಳುತ್ತೇನೆ. ನಿನಗೆ ಮಾತ್ರ ನಿಜ ಹೇಳುತ್ತೇನೆ, ಓದಿ ಹರಿದುಹಾಕು.

ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಗಂಡಸು ಲಾಂಡ್ರಿಯ ಕೌಂಟರಿಗೆ ಬಂದ. ಇಸ್ತ್ರಿ ಹಾಕಿದ ಷರ್ಟು, ತುಂಬಾ ಮೆತ್ತಗಿನ ಮಾತು. ಹೆಂಡತಿ ನಿಮ್ಮಲ್ಲಿ ಬಟ್ಟೆ ಕೊಟ್ಟಿದ್ದಾಳೆ, ಚೀಟಿ ಕಳೆದುಹೋಗಿದೆ ಎಂದ. ಕೌಂಟರಿನ ಗುಮಾಸ್ತ ರಿಜಿಸ್ಟರ್ ತೆಗೆದು ಹೆಸರು ಹುಡುಕಿ ವಿಳಾಸ ಓದಿ ಹೇಳಿದ. ರಿಜಿಸ್ಟರಿನಲ್ಲಿ ನನ್ನ ಅಕ್ಷರದಲ್ಲೇ ಇದ್ದ ವಿಳಾಸ ಅದು, ರೈಲು ಹಳಿಯ ಆಚೆಗಿನ ಹಳದಿ ಗೋಡೆಯ ಮನೆಯದು. ಗಂಡನ ಮನೆಯಿಂದ ಜೀವ ಉಳಿಸಿಕೊಂಡು ಬಂದ ಹೆಂಗಸರು ಅಲ್ಲಿ ಇರುತ್ತಾರೆ. ಮುಂದಿನ ವಾರ ಆಕೆಯ ಬಟ್ಟೆ ಒಗೆಯಲು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಆಮೇಲೆ ಆ ಮನೆ ನಡೆಸುವ ದೊಡ್ಡಕ್ಕನನ್ನು ಹೋಗಿ ಕಂಡೆ. ಎಚ್ ಎಚ್ ಜೋಡಿಯ ಎಂಬತ್ತೊಂದು ಗುರುತುಗಳನ್ನು ಪಕ್ಕಕ್ಕಿಟ್ಟೆ. ಹಳದಿ ಮನೆಯ ಹೆಂಗಸರ ಬಟ್ಟೆಗೆ ಆ ಗುರುತು ಒತ್ತುತ್ತೇನೆ. ರಿಜಿಸ್ಟರಿನಲ್ಲಿ ಬರೆಯುವುದಿಲ್ಲ. ಯಾವುದು ಯಾರದೆಂದು ನನ್ನ ತಲೆಯಲ್ಲಿರುತ್ತದೆ, ತಲುಪಿಸುವುದು ಎಲ್ಲಿಗೆಂದು ವ್ಯಾನು ಓಡಿಸುವವನಿಗೆ, ನಾವು ಮೀಸೆ ಎಂದು ಕರೆಯುವವನಿಗೆ, ಗೊತ್ತಿರುತ್ತದೆ. ಒಗೆತಕ್ಕೆ ಕೊಡಬೇಕಾದ್ದನ್ನು ದೊಡ್ಡಕ್ಕ ಪ್ರತಿ ತಿಂಗಳೂ ಕೊಡುತ್ತಾರೆ, ನಾನು ಯಾರದ್ದನ್ನೂ ಕದ್ದಿಲ್ಲ. ಹೆಂಗಸರು ಹೋಗುತ್ತಾರೆ, ಹೊಸಬರು ಬರುತ್ತಾರೆ. ಒಮ್ಮೆ ಕೊಟ್ಟದ್ದನ್ನು ಮತ್ತೆ ಕೊಡುವುದಿಲ್ಲ ಎಂಬ ನನ್ನದೇ ನಿಯಮವನ್ನು ಅಲ್ಲಿ ಮಾತ್ರ ಮುರಿದಿದ್ದೇನೆ.

ಈಗ ಹೇಳು, ಯಾರ ಹೆಸರನ್ನು ಅಳತೆಪಟ್ಟಿಗೆ ಬರೆದು ಕೊಡಲಿ?

ಇತಿ,
ಅಮ್ಮ


ಮಾರ್ಚ್ 13

ಅಮ್ಮಾ,

ನನಗೆ ಆಗ ಏಳು ವರ್ಷ. ಅಪ್ಪ ಬರುವ ಹೊತ್ತಿಗೆ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ನಿನ್ನ ಮುಖ ಊದಿಕೊಂಡ ದಿನ ನೀನು ಸೆರಗನ್ನು ಕೆನ್ನೆಗೆ ಎಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲಿ ಕೂತು ಬೇರೆ ಹೆಂಗಸರನ್ನು ಬಚ್ಚಿಡುತ್ತಿದ್ದೆ ಎಂದು ಇವತ್ತು ಗೊತ್ತಾಯಿತು.

ನಮ್ಮನ್ನು ಯಾಕೆ ಬಚ್ಚಿಡಲಿಲ್ಲ?

ಮಗಳು


ಮಾರ್ಚ್ 30

ಮಗಳೇ,

ಹದಿನೈದು ದಿನ ನಿನ್ನ ಕಾಗದವನ್ನು ಇಟ್ಟುಕೊಂಡೇ ಓಡಾಡಿದೆ. ಉತ್ತರ ಬರೆಯಲು ಕೂತರೆ ಬರೀ ನೆಪಗಳು ಬರುತ್ತಿದ್ದವು. ಶಾಲೆ ಬಿಡಿಸಬೇಕಲ್ಲ, ನಿನ್ನ ಹೆಸರು ಬದಲಿಸಬೇಕಲ್ಲ, ಅವನು ಕುಡಿಯದ ದಿನ ಒಳ್ಳೆಯವನಲ್ಲವೇ ಎಂದೆಲ್ಲ ಬರೆದು ಹರಿದೆ.

ಎಚ್ ಎಚ್ ಸೊನ್ನೆ ಸೊನ್ನೆ ನಮ್ಮದು. ಆ ಎಂಬತ್ತೊಂದರಲ್ಲಿ ನಾನು ಮೊದಲು ಒತ್ತಿದ್ದು ಅದನ್ನೇ. ನಿನ್ನ ಎರಡು ಫ್ರಾಕು, ನನ್ನ ಮೂರು ರವಿಕೆ, ಒಂದು ಟವೆಲ್ಲು. ಬ್ಯಾಗಿಗೆ ತುಂಬಿ ಮೀಸೆಯ ವ್ಯಾನಿನಲ್ಲಿ ಇಟ್ಟೆ. ಎರಡು ಸಲ ಇಟ್ಟೆ, ಎರಡು ಸಲವೂ ನಾನೇ ಇಳಿಸಿಕೊಂಡು ಮನೆಗೆ ತಂದೆ. ಹೆದರಿದೆ ಮಗಳೇ. ಬೇರೆಯವರಿಗಾಗಿ ಇದ್ದ ಧೈರ್ಯ ನನಗಾಗಿ ಇರಲಿಲ್ಲ. ನಿನಗಾಗಿ ಇರಬೇಕಿತ್ತು, ಅದೂ ಇರಲಿಲ್ಲ. ಅದಕ್ಕಿಂತ ಹೆಚ್ಚಿನ ಉತ್ತರ ನನ್ನ ಬಳಿ ಇಲ್ಲ. ನೀನು ಹದಿನೇಳಕ್ಕೆ ಮನೆ ಬಿಟ್ಟಾಗ ತಡೆಯದೆ ಇದ್ದದ್ದು ಇದಕ್ಕೇ. ನಿಮ್ಮಪ್ಪ ತೀರಿಕೊಂಡಾಗ ನೀನು ಬರಲಿಲ್ಲ ಎಂದು ಬೇರೆಯವರೆಲ್ಲ ಆಡಿಕೊಂಡರು, ನಾನು ಒಂದು ಮಾತೂ ಆಡಲಿಲ್ಲ. ಆ ಗುರುತನ್ನು ಇವತ್ತಿನವರೆಗೂ ಬೇರೆ ಯಾರಿಗೂ ಕೊಟ್ಟಿಲ್ಲ.

ಇನ್ನು ವಿಚಾರಣೆಯ ಸುದ್ದಿ. ಇಪ್ಪತ್ತೇಳನೆಯ ತಾರೀಕು ಆಯಿತು. ಮಾಲೀಕರ ಕಡೆಯಿಂದ ಇಬ್ಬರು ಬಂದಿದ್ದರು. ನಿನ್ನ ಹಾಳೆ ನೋಡಿ ಒಬ್ಬರು ಅಳತೆಪಟ್ಟಿಗೆ, "ಇಷ್ಟು ದಿನ ಇದನ್ನ ನೀವ್ಯಾಕೆ ಕೇಳಲಿಲ್ಲ?" ಎಂದರು. ಅವನ ಮುಖ ನೋಡಬೇಕಿತ್ತು. ಆಮೇಲೆ ಎಂಬತ್ತೊಂದರ ಪ್ರಶ್ನೆ ಬಂತು. ನಾನು ಎದ್ದು ನಿಂತೆ.

"ಅವು ನಾನು ಬೇಕಂತಲೇ ಇಟ್ಟಿದ್ದು. ಒಗೆದ ಲೆಕ್ಕ ಪೈಸೆ ಬಿಡದೆ ಕಟ್ಟಿದೆ, ನೋಡ್ಕೊಳ್ಳಿ. ಯಾರಿಗೆ ಅಂತ ಹೇಳಲ್ಲ."

"ಹೇಳದಿದ್ರೆ ಕೆಲಸ ಹೋಗುತ್ತಮ್ಮ," ಎಂದರು.

"ಹೋಗ್ಲಿ. ಆದ್ರೆ ಕಳ್ಳಿ ಅಂತ ನನ್ನ ಕೈಯಲ್ಲೇ ಬರೆಸ್ಕೊಳ್ಳೋಕೆ ನೋಡ್ಬೇಡಿ. ಅದೊಂದು ಆಗಲ್ಲ."

ಏಪ್ರಿಲ್ ಮೂವತ್ತಕ್ಕೆ ನನ್ನ ಕೆಲಸ ಮುಗಿಯುತ್ತದೆ. ಅದಕ್ಕೆ ಅಳುವುದಿಲ್ಲ. ಆದರೆ ಮೇ ಒಂದರಿಂದ ಎಚ್ ಎಚ್ ಜೋಡಿಯನ್ನು ಹೊಸ ಗಿರಾಕಿಗಳಿಗೆ ಕೊಡಬೇಕು ಎಂದು ಆದೇಶ ಮಾಡಿದ್ದಾರೆ. ಹಾಗೆ ಕೊಟ್ಟರೆ ಹಳದಿ ಮನೆಯ ಹೆಂಗಸರ ಬಟ್ಟೆ ಯಾರ ಯಾರದೋ ಮನೆಗೆ ಹೋಗುತ್ತದೆ. ಇದು ನನ್ನದಲ್ಲ, ಹಾಗಾದರೆ ಯಾರದು ಎಂದು ಹುಡುಕಾಟ ಶುರುವಾಗುತ್ತದೆ. ಇನ್ನು ಒಂದು ತಿಂಗಳಿದೆ. ಏನಾದರೂ ಮಾಡುತ್ತೇನೆ.

ಇತಿ,
ಹೆದರಿದ್ದೆ ಎಂದು ಒಪ್ಪಿಕೊಂಡ ಅಮ್ಮ


ಏಪ್ರಿಲ್ 14

ಮಗಳೇ,

ನಿನ್ನಿಂದ ಕಾಗದ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಕೆಲಸದ ವಿಷಯವಿದೆ.

ಲಾಂಡ್ರಿಯ ಗೇಟಿನ ಒಳಗೆ ಒಂದು ಹಳೆಯ ತಗಡಿನ ಬೋರ್ಡಿದೆ. ಅದರ ನಾಲ್ಕನೆಯ ನಿಯಮ ಹೀಗಿದೆ: ಕೆಲಸಗಾರರು ಮತ್ತು ಅವರ ಮಕ್ಕಳು ತಲೆಗೊಂದು ಗುರುತು ಪಡೆದು ತಮ್ಮ ಬಟ್ಟೆಯನ್ನು ಇಲ್ಲಿಯೇ ಒಗೆಸಿಕೊಳ್ಳಬಹುದು. ಮೂವತ್ತೊಂದು ವರ್ಷದಲ್ಲಿ ಒಬ್ಬರೂ ಅದನ್ನು ಬಳಸಿಕೊಂಡಿಲ್ಲ. ಇಡೀ ದಿನ ಸೋಪಿನಲ್ಲಿ ಮುಳುಗೇಳುವವರಿಗೆ ತಮ್ಮ ಅಂಗಿಯನ್ನೂ ತಂದು ಅದೇ ರಾಶಿಗೆ ಹಾಕುವ ಮನಸ್ಸು ಎಲ್ಲಿಂದ ಬರಬೇಕು.

ಎಂಬತ್ತೊಂದು ಗುರುತುಗಳೂ ಕೆಲಸಗಾರರ ಹೆಸರಿನಲ್ಲಿ ರಿಜಿಸ್ಟರಿಗೆ ಏರಿದರೆ ಹೊಸಬರಿಗೆ ಕೊಡಲು ಒಂದೂ ಉಳಿಯುವುದಿಲ್ಲ. ಕೆಲಸಗಾರರ ಗಂಟು ಗೇಟಿನ ಪಕ್ಕದ ಕಪಾಟಿಗೆ ಹೋಗುತ್ತದೆ, ಮೀಸೆ ಅಲ್ಲಿಂದ ಎತ್ತಿಕೊಂಡು ಹಳದಿ ಮನೆಗೆ ಒಯ್ಯುತ್ತಾನೆ. ಯಾರಾದರೂ ಬಂದು ಆ ಗುರುತು ಯಾರದೆಂದು ಕೇಳಿದರೆ ರಿಜಿಸ್ಟರಿನಲ್ಲಿ ಮೀಸೆಯದೋ ಇಸ್ತ್ರಿಯವರದೋ ಹೆಸರು ಕಾಣುತ್ತದೆ.

ಊಟದ ಹೊತ್ತಿನಲ್ಲಿ ಇಸ್ತ್ರಿ ಕೋಣೆಗೆ ಹೋಗಿ, "ನಿಮ್ಮ ಹೆಸರು ಬೇಕು, ಯಾಕೆ ಅಂತ ಮಾತ್ರ ಕೇಳಬೇಡಿ," ಎಂದೆ. ಇಸ್ತ್ರಿ ಅಣ್ಣ ಪೆಟ್ಟಿಗೆ ಕೆಳಗಿಟ್ಟು ನನ್ನ ಕಿವಿಯ ಹತ್ತಿರ ಬಂದು ಕೂಗಿದ: "ಯಾಕೆ ಅಂತ ನಿನಗೊಬ್ಬಳಿಗೇ ಗೊತ್ತು ಅಂದ್ಕೊಂಡಿದ್ಯೇನಮ್ಮ? ಇಪ್ಪತ್ತು ವರ್ಷದಿಂದ ಎಚ್ ಎಚ್ ಬಟ್ಟೆಗೆ ಇಸ್ತ್ರಿ ಹಾಕ್ತಿದ್ದೀನಿ. ಅದರಲ್ಲಿ ಒಂದ್ ಗಂಡಸಿನ ಷರ್ಟು ಬಂದಿಲ್ಲ. ಎಲ್ಲಿ ಸಹಿ ಹಾಕ್ಬೇಕು ಹೇಳು."

ಅವರಿಗೆಲ್ಲ ಗೊತ್ತಿತ್ತು. ಬಾಯಿಲರಿನವನಿಗೆ, ಹಿಂಡುವ ಯಂತ್ರದ ಮೂವರಿಗೆ, ಗೇಟಿನ ಕಾವಲಿನವನಿಗೂ. ಯಾರೂ ಬಾಯಿ ಬಿಟ್ಟಿರಲಿಲ್ಲ, ನನ್ನ ಹತ್ತಿರ ಕೂಡ. ಎರಡು ದಿನದಲ್ಲಿ ಎಂಬತ್ತು ಫಾರಂ ತುಂಬಿದವು. ಲಾಂಡ್ರಿಯಲ್ಲಿ ಇರುವುದೇ ಎಂಬತ್ತು ಜನ, ನನ್ನನ್ನೂ ಸೇರಿಸಿ. ನಾನು ಹೋದ ಮೇಲೂ ನನ್ನ ಹೆಸರು ಹಾಗೇ ಇರುತ್ತದೆ, ಬರೆದದ್ದನ್ನು ಹೊಡೆದುಹಾಕಲು ನಿಯಮವಿಲ್ಲ. ಪ್ಯಾಕಿಂಗಿನ ಕನ್ನಡಕದಕ್ಕ ನನ್ನ ಜಾಗಕ್ಕೆ ಬರುತ್ತಾಳೆ, ಅವಳಿಗೆ ಎಲ್ಲ ಹೇಳಿಕೊಟ್ಟಿದ್ದೇನೆ.

ಅಳತೆಪಟ್ಟಿ ಫಾರಂಗಳ ಕಟ್ಟು ನೋಡಿ, "ಏನಿದು, ಎಲ್ಲರಿಗೂ ಒಂದೇ ಸಲ ಬಟ್ಟೆ ಕೊಳೆಯಾಯ್ತಾ?" ಎಂದ.

"ಬೋರ್ಡಲ್ಲಿ ಬರೆದಿದೆ ಸಾರ್, ಟೇಪು ಹಿಡಿದು ನೋಡಿ," ಎಂದೆ. ಬಾಗಿಲಿನ ಹೊರಗೆ ಇಡೀ ಇಸ್ತ್ರಿ ಕೋಣೆ ನಿಂತಿತ್ತು. ಒಂದೊಂದೇ ಫಾರಮ್ಮಿಗೆ ಸಹಿ ಹಾಕಿದ.

ಒಂದು ಉಳಿದಿದೆ. ಸೊನ್ನೆ ಸೊನ್ನೆ. ಬೇರೆಯವರ ಮಕ್ಕಳ ಹೆಸರು ಹಾಕಬಹುದು, ಇಸ್ತ್ರಿ ಅಣ್ಣನಿಗೇ ಐದು ಮಕ್ಕಳಿದ್ದಾರೆ. ಆದರೆ ಅದು ನಿನ್ನದು, ನಿನ್ನನ್ನು ಕೇಳದೆ ಯಾರಿಗೂ ಕೊಡಲಾರೆ. ಹಳದಿ ಮನೆಗೆ ಹೋದ ವಾರ ಒಬ್ಬಳು ಬಂದಿದ್ದಾಳೆ, ಜೊತೆಗೊಂದು ಚಿಕ್ಕ ಹುಡುಗಿ. ಉಳಿದ ಎಂಬತ್ತರಲ್ಲಿ ಖಾಲಿ ಇಲ್ಲ. ಫಾರಂ ಇದರ ಜೊತೆಗಿಟ್ಟಿದ್ದೇನೆ. ಮೂವತ್ತರ ಒಳಗೆ ನನ್ನ ಕೈಸೇರಬೇಕು. ಆಮೇಲೆ ನಾನು ಕೆಲಸಗಾರ್ತಿಯಲ್ಲ, ನೀನು ಕೆಲಸಗಾರ್ತಿಯ ಮಗಳಲ್ಲ.

ಸಹಿ ಹಾಕದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ. ಕೆಲಸ ಹೋಯಿತೆಂದು ಬಂದು ನಿನ್ನ ಮನೆಯಲ್ಲಿ ಕೂರುತ್ತೇನೆ ಎಂದೂ ಹೆದರಬೇಡ. ಕೈ ಗಟ್ಟಿಯಿದೆ.

ಇತಿ,
ಅಮ್ಮ


ಏಪ್ರಿಲ್ 19

ಅಮ್ಮಾ,

ಫಾರಂ ತುಂಬಿದ್ದೇನೆ. ರಿಜಿಸ್ಟರ್ಡ್ ಅಂಚೆಯಲ್ಲೇ ಕಳಿಸುತ್ತಿದ್ದೇನೆ, ತಡವಾಗುವುದಿಲ್ಲ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ, ಹಾಳೆಗೆ ಸುಳ್ಳು ಸೇರಿಸಬೇಡ ಎಂದು ನೀನೇ ಹೇಳಿದ್ದೀಯ. ಆದರೆ ಎರಡು ಸಲ ಬ್ಯಾಗು ತುಂಬಿದ್ದೆ ಎಂಬುದನ್ನು ಓದಿದ ಮೇಲೆ ಆ ಸಿಟ್ಟು ಮೊದಲಿನ ಹಾಗೂ ಇಲ್ಲ. ನನ್ನ ಫ್ರಾಕನ್ನೂ ಹಾಕಿದ್ದೆಯಲ್ಲ. ಇಷ್ಟು ವರ್ಷ ನಿನಗೆ ನಾನು ಕಾಣಿಸಲೇ ಇಲ್ಲ ಎಂದುಕೊಂಡಿದ್ದೆ.

ಸೊನ್ನೆ ಸೊನ್ನೆಯನ್ನು ಇನ್ನು ಖಾಲಿ ಇಡಬೇಡ. ಕಾಗದ ತಲುಪಿದ ದಿನವೇ ಆ ಹೆಂಗಸಿನ ಬಟ್ಟೆಗೆ ಒತ್ತು. ಹುಡುಗಿಯ ಬಟ್ಟೆಗೆ ಮೊದಲು ಒತ್ತು.

ಮೇ ತಿಂಗಳಿಡೀ ಶಾಲೆಗೆ ರಜೆ. ಏಪ್ರಿಲ್ ಮೂವತ್ತನೆಯ ತಾರೀಕು ಸಂಜೆಯೇ ಲಾಂಡ್ರಿಯ ಗೇಟಿನ ಹೊರಗೆ ನಿಂತಿರುತ್ತೇನೆ. ನೀನು ನನ್ನ ಮನೆಗೆ ಬರಬೇಡ, ನಾನೇ ನಿನ್ನ ಮನೆಗೆ ಬರುತ್ತೇನೆ.

ಫಾರಮ್ಮಿನಲ್ಲಿ ನನ್ನ ಪೂರ್ತಿ ಹೆಸರು, ಶಾಲೆಯ ವಿಳಾಸ, ನನ್ನ ತರಗತಿಯ ಕೋಣೆಯ ಸಂಖ್ಯೆ ಎಲ್ಲ ಬರೆದಿದ್ದೇನೆ. ಕನ್ನಡಕದಕ್ಕನಿಗೆ ಹೇಳು. ಯಾವನಾದರೂ ಬಂದು ಮೆತ್ತಗೆ ಮಾತಾಡಿ ಆ ಗುರುತು ಯಾರದೆಂದು ಕೇಳಿದರೆ, ವಿಳಾಸ ಓದಿ ಹೇಳಲಿ, ಬೇಕಾದರೆ ಚೀಟಿಯಲ್ಲಿ ಬರೆದು ಕೊಡಲಿ. ಅವನು ಇಲ್ಲಿಗೆ ಬರಲಿ. ಬಾಗಿಲ ಹಿಂದೆ ನಿಂತಿದ್ದಾಗ ಹೇಳಲಾಗದ ಮಾತುಗಳು ನನ್ನ ಹತ್ತಿರ ಬೇಕಾದಷ್ಟಿವೆ, ಅವನಿಗೆ ಹೇಳುತ್ತೇನೆ.

ಇತಿ,
ಎಚ್ ಎಚ್ ಸೊನ್ನೆ ಸೊನ್ನೆ